ಸಿಡ್ನಿ ಪಾಯ್ಟಿಯರ್ ಅವರ ಯಾವ ಸಿನಿಮಾ ಮೊದಲು ನೋಡಬೇಕು? ಆಸ್ಕರ್ ದಾಖಲೆ ಬಿಟ್ಟರೆ ಅವರ ಹೆಚ್ಚುಗಾರಿಕೆ ಏನು?

ಎರಡು ಪ್ರಶ್ನೆ ಒಟ್ಟಿಗೆ ಕೇಳಿದ್ದೀರಿ. ಮೊದಲನೆಯದಕ್ಕೆ ನೇರ ಉತ್ತರ: 1967ರ ‘ಇನ್ ದ ಹೀಟ್ ಆಫ್ ದ ನೈಟ್’. ಶ್ರೇಷ್ಠ ನಟ ಆಸ್ಕರ್ ಗೆದ್ದ ಮೊದಲ ಕಪ್ಪು ನಟ ಎಂಬ ದಾಖಲೆ ತಂದುಕೊಟ್ಟದ್ದು ‘ಲಿಲೀಸ್ ಆಫ್ ದ ಫೀಲ್ಡ್’ (1963) ಎಂದು ಅದರಿಂದ ಶುರು ಮಾಡಬೇಡಿ. ಅರಿಜೋನಾದ ಬಯಲಲ್ಲಿ ಕ್ರೈಸ್ತ ಸನ್ಯಾಸಿನಿಯರಿಗೆ ಚಾಪೆಲ್ (ಪುಟ್ಟ ಚರ್ಚು) ಕಟ್ಟಿಕೊಡುವ ಅಲೆಮಾರಿ ಕೆಲಸಗಾರನ ಕಥೆ ಅದು. ಸೊಗಸಾಗಿದೆ, ಆದರೆ ಈ ನಟನೊಳಗಿನ ಕಿಚ್ಚು ಅದರಲ್ಲಿ ಕಾಣುವುದಿಲ್ಲ. ಅಂದಹಾಗೆ ಅದರಲ್ಲಿನ ಹಾಡಿನ ದನಿ ಅವರದಲ್ಲ, ಜೆಸ್ಟರ್ ಹೇರ್‌ಸ್ಟನ್ ಅವರದು. ಪಾಯ್ಟಿಯರ್‌ಗೆ ಶ್ರುತಿಜ್ಞಾನ ಇರಲಿಲ್ಲ.

ಹೆಚ್ಚುಗಾರಿಕೆಯ ವಿಷಯ. ನನ್ನ ಮಟ್ಟಿಗೆ ಅದು ಅವರು ಒಪ್ಪದೆ ಬಿಟ್ಟ ಪಾತ್ರಗಳಲ್ಲಿ ಮತ್ತು ಒಪ್ಪುವಾಗ ಹಾಕಿದ ಷರತ್ತುಗಳಲ್ಲಿದೆ. ಹಿನ್ನೆಲೆ ನೋಡಿದರೆ ಷರತ್ತು ಹಾಕುವ ಸ್ಥಿತಿಯೇ ಅವರದಲ್ಲ. ತಂದೆತಾಯಿ ಬಹಾಮಾಸ್‌ನ ಕ್ಯಾಟ್ ಐಲ್ಯಾಂಡಿನಲ್ಲಿ ಟೊಮೆಟೊ ಬೆಳೆಯುತ್ತಿದ್ದರು. ಅದನ್ನು ಮಾರಲು ಮಯಾಮಿಗೆ ಹೋಗಿದ್ದಾಗ, 1927ರ ಫೆಬ್ರವರಿ 20ರಂದು, ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗು ಇವರು. ಅಮೆರಿಕದ ಪೌರತ್ವ ಬಂದದ್ದೇ ಹಾಗೆ. ಹದಿಹರೆಯದಲ್ಲಿ ನ್ಯೂಯಾರ್ಕಿಗೆ ಬಂದು ಹೋಟೆಲುಗಳಲ್ಲಿ ತಟ್ಟೆ ತೊಳೆದರು. ಹಾರ್ಲೆಮ್‌ನ ಅಮೆರಿಕನ್ ನೀಗ್ರೊ ಥಿಯೇಟರಿಗೆ ಆಡಿಷನ್ ಕೊಡಲು ಹೋದರೆ, ಸರಿಯಾಗಿ ಓದಲು ಬಾರದು, ಮಾತೆಲ್ಲ ದ್ವೀಪದ ರಾಗ ಎಂದು ಹೊರಗಟ್ಟಿದರು. ಆಮೇಲೆ ರೇಡಿಯೊ ಮುಂದೆ ಕೂತು ವಾರ್ತೆ ಓದುವವರನ್ನು ಅನುಕರಿಸಿ ಉಚ್ಚಾರಣೆ ತಿದ್ದಿಕೊಂಡರು. ಓದು ಕಲಿಸಿದ್ದು ಹೋಟೆಲಿನ ಹಿರಿಯ ಯಹೂದಿ ವೇಟರ್, ಕೆಲಸ ಮುಗಿದ ಮೇಲೆ ದಿನಪತ್ರಿಕೆ ಹಿಡಿದು. ಅದೇ ಥಿಯೇಟರಿನಲ್ಲಿ ಕಸ ಗುಡಿಸಿ, ಅದಕ್ಕೆ ಪ್ರತಿಯಾಗಿ ನಟನೆಯ ಪಾಠ ಪಡೆದರು.

‘ನೋ ವೇ ಔಟ್’ (1950) ಬಂದ ಮೇಲೂ ಕೈ ಖಾಲಿಯೇ. ಆಗ ಒಂದು ಪಾತ್ರ ಬಂತು: ತನ್ನ ಮಗಳನ್ನು ಬೇರೆಯವರು ಕೊಂದರೂ ತುಟಿ ಬಿಚ್ಚದ ಅಪ್ಪ. ಅಪ್ಪನಾದವನು ಹೀಗೆ ಸುಮ್ಮನಿರುವುದಿಲ್ಲ ಎಂದು ಬೇಡವೆಂದರು. ಆ ಹೊತ್ತಿಗೆ ಹೆರಿಗೆ ಆಸ್ಪತ್ರೆಯ ಬಿಲ್ ಕಟ್ಟಬೇಕಿತ್ತು. ಮನೆಯ ಪೀಠೋಪಕರಣ ಅಡವಿಟ್ಟು 75 ಡಾಲರ್ ಸಾಲ ತಂದರು. ಇಷ್ಟು ಒಳ್ಳೆಯ ಸಂಬಳ ಬಿಟ್ಟವನು ಯಾರಪ್ಪ ಎಂದು ಬೆರಗಾದ ಏಜೆಂಟ್ ಮಾರ್ಟಿನ್ ಬಾಮ್, ಮುಂದೆ ಅವರ ವ್ಯವಹಾರವನ್ನೆಲ್ಲ ನೋಡಿಕೊಂಡರು.

ದುಡ್ಡಿನ ಲೆಕ್ಕದಲ್ಲೂ ಗಟ್ಟಿಗರೇ. ‘ಲಿಲೀಸ್’ ಬಡ ಬಜೆಟ್ಟಿನ ಚಿತ್ರ. ನಿರ್ದೇಶಕ ರಾಲ್ಫ್ ನೆಲ್ಸನ್ ಸ್ವಂತ ಮನೆಯನ್ನೇ ಒತ್ತೆ ಇಟ್ಟಿದ್ದರು, ಚಿತ್ರೀಕರಣ ಎರಡೇ ವಾರ. ಪಾಯ್ಟಿಯರ್ ಸಂಭಾವನೆ ಇಳಿಸಿಕೊಂಡು ಗಳಿಕೆಯಲ್ಲಿ ಪಾಲು ಕೇಳಿದರು. ‘ಟು ಸರ್, ವಿತ್ ಲವ್’ಗೂ (1967) ಅದೇ ಲೆಕ್ಕ: ಕೈಗೆ 30,000 ಡಾಲರ್, ಜೊತೆಗೆ ಒಟ್ಟು ಗಳಿಕೆಯ ಶೇ. 10. ಚಿತ್ರ ಭರ್ಜರಿಯಾಗಿ ಓಡಿತು.

ಈಗ ‘ಹೀಟ್’. ಕಥೆ ನಡೆಯುವುದು ಮಿಸಿಸಿಪ್ಪಿಯಲ್ಲಿ, ಬಹುಪಾಲು ಚಿತ್ರೀಕರಿಸಿದ್ದು ಇಲಿನಾಯ್‌ನ ಸ್ಪಾರ್ಟಾ ಎಂಬ ಸಣ್ಣ ಊರಲ್ಲಿ. ಅಮೆರಿಕದ ದಕ್ಷಿಣ ರಾಜ್ಯಗಳಿಗೆ ಬರುವುದಿಲ್ಲ ಎಂದವರು ಪಾಯ್ಟಿಯರ್. ಕಾರಣವಿತ್ತು: 1964ರಲ್ಲಿ ನಾಗರಿಕ ಹಕ್ಕುಗಳ ಕಾರ್ಯಕರ್ತರಿಗೆ ಹಣ ತಲುಪಿಸಲು ಗೆಳೆಯ, ಗಾಯಕ ಹ್ಯಾರಿ ಬೆಲಫಾಂಟೆ ಜೊತೆ ಮಿಸಿಸಿಪ್ಪಿಯ ಗ್ರೀನ್‌ವುಡ್‌ಗೆ ಹೋದಾಗ ಕಪ್ಪು ಜನರನ್ನು ದ್ವೇಷಿಸುವ ಕು ಕ್ಲಕ್ಸ್ ಕ್ಲಾನ್ ಸಂಘಟನೆಯ ಮಂದಿ ಅವರನ್ನು ಅಟ್ಟಿಸಿಕೊಂಡು ಬಂದಿದ್ದರು. ಹತ್ತಿಹೊಲದ ದೃಶ್ಯಕ್ಕೆ ಟೆನೆಸ್ಸಿಗೆ ಹೋಗಲೇಬೇಕಾದಾಗ ದಿಂಬಿನಡಿ ಪಿಸ್ತೂಲು ಇಟ್ಟುಕೊಂಡು ಮಲಗಿದರು.

ಗಾಜಿನ ಮನೆಯ ದೃಶ್ಯವನ್ನು ಎರಡು ಸಲ ನೋಡಿ. ಪ್ರಶ್ನೆ ಕೇಳಿದ್ದಕ್ಕೆ ಜಮೀನ್ದಾರ ಎಂಡಿಕಾಟ್ ಕಪ್ಪು ಪತ್ತೇದಾರನ (ಪಾಯ್ಟಿಯರ್) ಕೆನ್ನೆಗೆ ಬಾರಿಸುತ್ತಾನೆ. ಕಣ್ಣು ಮಿಟುಕಿಸುವಷ್ಟರಲ್ಲಿ ಏಟು ವಾಪಸ್. ಮೊದಲ ಸಲ ಪಾಯ್ಟಿಯರ್ ಅವರನ್ನು ನೋಡಿ, ಎರಡನೆಯ ಸಲ ಟ್ರೇ ಹಿಡಿದು ನಿಂತ ಕಪ್ಪು ಸೇವಕನನ್ನೂ ಏನು ಮಾಡಬೇಕೆಂದು ತೋಚದ ಪೊಲೀಸ್ ಮುಖ್ಯಸ್ಥನನ್ನೂ (ರಾಡ್ ಸ್ಟೈಗರ್) ನೋಡಿ. ತಿರುಗಿ ಹೊಡೆಯುವುದು ತನ್ನ ಷರತ್ತು ಎಂದು ಪಾಯ್ಟಿಯರ್ ಹೇಳಿಕೊಂಡಿದ್ದರು. ಚಿತ್ರಕಥೆಯಲ್ಲಿ ಮೊದಲೇ ಇತ್ತೆಂಬ ವಾದವೂ ಇದೆ. ಯಾರದ್ದಾದರೂ ಇರಲಿ, ಆ ಏಟಿನ ವೇಗ ಮಾತ್ರ ಅವರದೇ.

ಬೆಳಕನ್ನೂ ಗಮನಿಸಿ. ಆಗಿನ ಹಾಲಿವುಡ್ಡಿನ ಲೈಟಿಂಗ್ ಬಿಳಿ ಚರ್ಮಕ್ಕೆ ಹೊಂದಿಸಿದ್ದು. ಅದೇ ಪ್ರಖರ ಬೆಳಕು ಕಪ್ಪು ಮುಖದ ಮೇಲೆ ಬಿದ್ದರೆ ಹೊಳಪು ಎದ್ದು, ಸೂಕ್ಷ್ಮ ಭಾವವೆಲ್ಲ ಅಳಿಸಿಹೋಗುತ್ತದೆ. ಛಾಯಾಗ್ರಾಹಕ ಹ್ಯಾಸ್ಕೆಲ್ ವೆಕ್ಸ್ಲರ್ ಇಲ್ಲಿ ಅದನ್ನು ತಗ್ಗಿಸಿದರು. ಆದ್ದರಿಂದಲೇ ಇದರಲ್ಲಿ ಪಾಯ್ಟಿಯರ್ ದವಡೆ ಬಿಗಿಯುವುದೂ ಕಾಣುತ್ತದೆ. ಚಿತ್ರಕ್ಕೆ ಐದು ಆಸ್ಕರ್ ಬಂತು, ಶ್ರೇಷ್ಠ ನಟ ರಾಡ್ ಸ್ಟೈಗರ್. ಪಾಯ್ಟಿಯರ್‌ಗೆ ನಾಮನಿರ್ದೇಶನ ಕೂಡ ಇಲ್ಲ!

ಅದೇ ವರ್ಷದ ‘ಗೆಸ್ ಹೂಸ್ ಕಮಿಂಗ್ ಟು ಡಿನ್ನರ್’ ಕೊನೆಗೆ ಇಟ್ಟುಕೊಳ್ಳಿ. ಅದರ ವೈದ್ಯ ಲೋಪವೇ ಇಲ್ಲದ ಮನುಷ್ಯ. ಬಿಳಿಯರಿಗೆ ಹಿತವಾಗುವ ಪಾತ್ರಗಳನ್ನೇ ಮಾಡುತ್ತಾರೆಂದು ಕ್ಲಿಫರ್ಡ್ ಮೇಸನ್ 1967ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದ ಟೀಕೆ ಈ ಚಿತ್ರ ಬರುವ ಮೊದಲಿನದಾದರೂ, ಇದಕ್ಕೆ ಸರಿಯಾಗಿಯೇ ತಾಗುತ್ತದೆ. 70ರ ದಶಕದಲ್ಲಿ ಪಾಯ್ಟಿಯರ್ ನಿರ್ದೇಶನಕ್ಕೆ ಇಳಿದರು. ‘ಬಕ್ ಅಂಡ್ ದ ಪ್ರೀಚರ್’ (1972) ಕಪ್ಪು ಜನರ ಕಣ್ಣಿನಿಂದ ನೋಡಿದ ವೆಸ್ಟರ್ನ್, ಅಂದರೆ ಕೌಬಾಯ್ ಮಾದರಿಯ ಚಿತ್ರ; ‘ಹೀಟ್’ ಆದಮೇಲೆ ನೇರ ಇದಕ್ಕೇ ಹೋಗಬಹುದು. ‘ಹೀಟ್’ ನೋಡುವಾಗ ಸಬ್‌ಟೈಟಲ್ ಇರಲಿ, ಸ್ಟೈಗರ್ ಚೂಯಿಂಗ್ ಗಮ್ ಅಗಿಯುತ್ತಲೇ ಮಾತಾಡುತ್ತಾರೆ.