ಸ್ಟೆಂಟ್ ಹಾಕಿಸಿದ ಮೇಲೂ ಎದೆ ಬಿಗಿಯುವುದೇಕೆ?

ಪ್ರಶ್ನೆ: ನನಗೆ 58 ವರ್ಷ. ತೀರ್ಥಹಳ್ಳಿ ಸೀಮೆಯ ಅಡಿಕೆ ಬೆಳೆಗಾರ. ಸಕ್ಕರೆ ಕಾಯಿಲೆಯಿದೆ. ಎಂಟು ತಿಂಗಳ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ (ನಾಳವನ್ನು ತೆರೆದಿಡುವ ಪುಟ್ಟ ಲೋಹದ ಜಾಲರಿ) ಹಾಕಿದರು. ಮೂರು ವಾರಗಳಿಂದ ತೋಟದಿಂದ ಮನೆಗೆ ದಿಬ್ಬ ಹತ್ತುವಾಗ ಎದೆ ಬಿಗಿಯುತ್ತದೆ, ನಿಂತರೆ ಸರಿಹೋಗುತ್ತದೆ. ರಕ್ತಪರೀಕ್ಷೆಯಲ್ಲಿ ಸಿಆರ್‌ಪಿ (ಉರಿಯೂತವಿದ್ದಾಗ ರಕ್ತದಲ್ಲಿ ಏರುವ ಪ್ರೋಟೀನ್) 6 ಬಂದಿದೆ, ಒಳಗೆ ಉರಿಯೂತವಿದೆ ಎಂದರು. ಸ್ಟೆಂಟ್ ತುಕ್ಕು ಹಿಡಿದಿದೆಯೇ? ದವಡೆ ಹಲ್ಲು ಕೀವು ತುಂಬಿ ನೋಯುತ್ತಿದೆ. ಅದನ್ನು ಕೀಳಿಸಲು ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಗಳನ್ನು ನಿಲ್ಲಿಸಲೇ?

ಉತ್ತರ: ಪತ್ರ ಓದಿದ ದಿನವೇ ನಿಮಗೆ ಫೋನ್ ಮಾಡಿ ಹೇಳಿದ್ದನ್ನು ಇಲ್ಲಿಯೂ ಬರೆಯುತ್ತಿದ್ದೇನೆ. ಮಾತ್ರೆ ನಿಲ್ಲಿಸಲೇಬೇಡಿ. ನಿಲ್ಲಿಸಿದರೆ ಸ್ಟೆಂಟ್ ಒಳಗೆ ರಕ್ತ ದಿಢೀರನೆ ಹೆಪ್ಪುಗಟ್ಟಿ ಹೃದಯಾಘಾತವಾಗಬಹುದು. ಒಂದು ಹಲ್ಲು ಕೀಳಲು ಸಾಮಾನ್ಯವಾಗಿ ಮಾತ್ರೆ ನಿಲ್ಲಿಸುವ ಅಗತ್ಯ ಬೀಳುವುದಿಲ್ಲ. ದಂತವೈದ್ಯರು ಒತ್ತಿ ಹಿಡಿದು, ಬೇಕಾದರೆ ಹೊಲಿಗೆ ಹಾಕಿ ರಕ್ತ ನಿಲ್ಲಿಸುತ್ತಾರೆ.

ಸ್ಟೆಂಟ್ ತುಕ್ಕು ಹಿಡಿಯುವುದಿಲ್ಲ. ಮರಕ್ಕೆ ಬಿಗಿದ ಬೇಲಿಯ ತಂತಿಯನ್ನು ತೊಗಟೆ ಬೆಳೆದು ನುಂಗುವುದನ್ನು ನೀವು ನೋಡಿಯೇ ಇರುತ್ತೀರಿ. ಇಲ್ಲಿ ಆಗುವುದೂ ಹೆಚ್ಚುಕಡಿಮೆ ಅದೇ. ಬಲೂನು ಉಬ್ಬಿಸಿ ಜಾಲರಿಯನ್ನು ರಕ್ತನಾಳದ ಗೋಡೆಗೆ ಒತ್ತಿದಾಗ ಒಳಪದರಕ್ಕೆ ಗಾಯವಾಗುತ್ತದೆ. ಬಿಳಿ ರಕ್ತಕಣಗಳು ಅಲ್ಲಿಗೆ ನುಗ್ಗುತ್ತವೆ, ಅದೇ ಉರಿಯೂತ. ಅದು ಅತಿಯಾದರೆ ಗೋಡೆಯ ಸ್ನಾಯುಕೋಶಗಳು ಬೆಳೆದು ಜಾಲರಿಯ ಒಳಕ್ಕೆ ಚಾಚಿ ದಾರಿಯನ್ನು ಮತ್ತೆ ಕಿರಿದಾಗಿಸುತ್ತವೆ. ಬರೀ ಲೋಹದ ಸ್ಟೆಂಟ್‌ಗಳ ಕಾಲದಲ್ಲಿ ನೂರರಲ್ಲಿ 20ರಿಂದ 30 ಜನರಿಗೆ ಹೀಗಾಗುತ್ತಿತ್ತು. ಈ ಬೆಳವಣಿಗೆಯನ್ನು ತಡೆಯಲೆಂದೇ ಈಗಿನ ಸ್ಟೆಂಟ್‌ಗಳಿಗೆ ಔಷಧ ಲೇಪಿಸುತ್ತಾರೆ. ಆ ಔಷಧಗಳಲ್ಲಿ ಒಂದಾದ ಸಿರೋಲಿಮಸ್ ಸಿಕ್ಕಿದ್ದು ದೂರದ ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯಾದಿಂದ! ಈ ಲೇಪನದಿಂದ ಅಪಾಯ ಬಹಳ ತಗ್ಗಿದೆ, ಇಲ್ಲವಾಗಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಅದು ಹೆಚ್ಚು.

ಇನ್ನು ಸಿಆರ್‌ಪಿ. ದೇಹದಲ್ಲಿ ಎಲ್ಲೋ ಉರಿಯೂತವಿದೆ ಎಂದಷ್ಟೇ ಅದು ಹೇಳುತ್ತದೆ, ಎಲ್ಲಿ ಎಂದು ಹೇಳುವುದಿಲ್ಲ. ಕೀವು ತುಂಬಿದ ಹಲ್ಲೊಂದೇ ಅದನ್ನು 6ಕ್ಕೆ ಏರಿಸಬಲ್ಲದು. ಹಲ್ಲು ವಾಸಿಯಾಗಿ ಕೆಲವು ವಾರಗಳ ನಂತರ ಮತ್ತೆ ಪರೀಕ್ಷಿಸಿಕೊಳ್ಳಿ. ಆ ಸಂಖ್ಯೆಗಿಂತ ನಿಮ್ಮ ತೋಟದ ದಿಬ್ಬವನ್ನೇ ನಾನು ಹೆಚ್ಚು ನಂಬುತ್ತೇನೆ. ಹೊಸದಾಗಿ ಶುರುವಾದ ಈ ಬಿಗಿತಕ್ಕೆ ಹಲ್ಲು ವಾಸಿಯಾಗುವವರೆಗೆ ಕಾಯಬಾರದು. ನಾಳೆಯೇ ಹೃದ್ರೋಗ ತಜ್ಞರನ್ನು ಕಾಣಿ. ನಾಳ ಮತ್ತೆ ಕಿರಿದಾಗಿದ್ದರೂ ಔಷಧ ಲೇಪಿತ ಬಲೂನು ಅಥವಾ ಇನ್ನೊಂದು ಸ್ಟೆಂಟ್‌ನಿಂದ ತೆರೆಯಬಹುದು. ಕುಳಿತಿದ್ದಾಗಲೂ ಎದೆ ಬಿಗಿದರೆ, ಅಥವಾ ನಿಂತ ಮೇಲೂ ನೋವು ಇಳಿಯದಿದ್ದರೆ, ಕೂಡಲೇ 108ಕ್ಕೆ ಕರೆ ಮಾಡಿ. ನೀವೇ ಬೈಕ್ ಓಡಿಸಿಕೊಂಡು ಹೋಗಬೇಡಿ.

ಹೋಗುವಾಗ ಎಂಟು ತಿಂಗಳ ಹಿಂದಿನ ಡಿಸ್ಚಾರ್ಜ್ ಚೀಟಿ ಮತ್ತು ಆಂಜಿಯೋಗ್ರಾಂ ಸಿ.ಡಿ. ಮರೆಯದೆ ಒಯ್ಯಿರಿ. ಸ್ಟೆಂಟ್ ಯಾವ ನಾಳದಲ್ಲಿದೆ, ಎಷ್ಟು ಉದ್ದ, ಎಷ್ಟು ಅಗಲ ಎಂಬುದನ್ನು ವೈದ್ಯರು ಮೊದಲು ನೋಡುವುದು ಅದರಲ್ಲೇ.