ಪುಟಾಣಿ ಜೊತೆ ಮಹಾನಗರಕ್ಕೆ: ದಿನಕ್ಕೊಂದು ಜಾಗ ಸಾಕು

ಚಿಕ್ಕ ಮಕ್ಕಳನ್ನು ದೊಡ್ಡ ಊರುಗಳಿಗೆ ಕರೆದೊಯ್ಯುವ ಬಗ್ಗೆ ಬಂದ ಓದುಗರ ಪ್ರಶ್ನೆಗಳಿಗೆ ಮಕ್ಕಳ ವೈದ್ಯರ ಉತ್ತರ

ಪ್ರಶ್ನೆ: ನಮ್ಮ ಮಗನಿಗೆ ಒಂದು ವರ್ಷ ಹತ್ತು ತಿಂಗಳು. ಮುಂದಿನ ತಿಂಗಳು ನಾಲ್ಕು ದಿನ ಒಂದು ಮಹಾನಗರಕ್ಕೆ ಹೋಗುತ್ತಿದ್ದೇವೆ. ನಮ್ಮ ಮನೆಯವರು ಈಗಾಗಲೇ ಉದ್ದದ ಪಟ್ಟಿ ಮಾಡಿಟ್ಟಿದ್ದಾರೆ. ಮ್ಯೂಸಿಯಂ, ಕೋಟೆ, ಮೃಗಾಲಯ, ಮಾರುಕಟ್ಟೆ, ರಾತ್ರಿ ದೀಪಗಳನ್ನು ನೋಡುವುದು, ಎಲ್ಲ ಇದೆ. ಮಗನಿಗೆ ಮನೆಯಲ್ಲೇ ಮಧ್ಯಾಹ್ನದ ನಿದ್ದೆ ತಪ್ಪಿದರೆ ಸಂಜೆಯಿಡೀ ರಚ್ಚೆ. ‘ಅವನಿಗೇನು ನೆನಪಿರುತ್ತೆ, ದೊಡ್ಡವನಾದ ಮೇಲೆ ಹೋಗಿ’ ಅಂತ ಅತ್ತೆ ಹೇಳುತ್ತಾರೆ. ಹೋಗೋದು ಸರಿಯಾ?

ಉತ್ತರ: ಖಂಡಿತ ಹೋಗಿ. ನಿಮ್ಮ ಅತ್ತೆಯವರು ಹೇಳಿದ್ದರಲ್ಲಿ ಅರ್ಧ ನಿಜ. ಎರಡು ವರ್ಷದೊಳಗೆ ನಡೆದದ್ದು ದೊಡ್ಡವರಾದ ಮೇಲೆ ಯಾರಿಗೂ ಹೆಚ್ಚುಕಡಿಮೆ ನೆನಪಿರುವುದಿಲ್ಲ. ಆದರೆ ಆ ನಾಲ್ಕು ದಿನ ಅಪ್ಪ ಅಮ್ಮ ಇಬ್ಬರೂ ಇಡೀ ದಿನ ಅವನ ಜೊತೆಗಿರುತ್ತೀರಿ. ಹೊಸ ಸದ್ದು, ಹೊಸ ಮುಖ, ಹೊಸ ಮಾತು ಅವನ ಕಿವಿಗೆ, ಕಣ್ಣಿಗೆ ಬೀಳುತ್ತವೆ. ನೆನಪು ಉಳಿಯದಿದ್ದರೂ ಅದು ಅವನ ಬೆಳವಣಿಗೆಗೆ ಸೇರುತ್ತದೆ. ಬದಲಾಗಬೇಕಿರುವುದು ಪಟ್ಟಿ ಮಾತ್ರ.

ನಾಲ್ಕು ದಿನಕ್ಕೆ ನಾಲ್ಕೇ ಜಾಗ ಇಟ್ಟುಕೊಳ್ಳಿ. ದಿನಕ್ಕೊಂದು, ಅದೂ ಬೆಳಗ್ಗೆ. ಉಳಿದದ್ದೇನಾದರೂ ನೋಡಲು ಸಿಕ್ಕರೆ ಅದು ಲಾಭ. ನಿಮ್ಮ ಮಗನ ವಯಸ್ಸಿನಲ್ಲಿ ಮಕ್ಕಳಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಮಾರ್ಗಸೂಚಿ. ಇದರಲ್ಲಿ ಮಧ್ಯಾಹ್ನದ ನಿದ್ದೆಯೂ ಸೇರಿದೆ. ಊರು ಬದಲಾದ ಮಾತ್ರಕ್ಕೆ ಈ ಲೆಕ್ಕ ಬದಲಾಗುವುದಿಲ್ಲ. ನೋಡುವುದು, ಕೇಳುವುದು ಜಾಸ್ತಿಯಾದಷ್ಟೂ ಮಗು ಬೇಗ ದಣಿಯುತ್ತದೆ. ಆದ್ದರಿಂದ ಮೊದಲು ನಿದ್ದೆಯ ಹೊತ್ತನ್ನು ಗುರುತು ಹಾಕಿಕೊಳ್ಳಿ. ಅದರ ಆಚೆ ಈಚೆ ಏನು ಹಿಡಿಸುತ್ತದೋ ಅಷ್ಟೇ ನಿಮ್ಮ ದಿನ.

ಇದಕ್ಕೆ ತಕ್ಕ ಹಾಗೆ ಉಳಿಯುವ ಜಾಗ ಹುಡುಕಿ. ಊರಾಚೆಯ ದೊಡ್ಡ ಹೋಟೆಲ್‌ಗಿಂತ, ನೀವು ನೋಡಬೇಕೆಂದಿರುವ ಜಾಗಗಳ ಹತ್ತಿರದ ಸಾಧಾರಣ ಕೋಣೆಯೇ ಮೇಲು. ಮಧ್ಯಾಹ್ನ ವಾಪಸ್ ಬಂದು ಮಗುವನ್ನು ಹಾಸಿಗೆಯಲ್ಲಿ ಮಲಗಿಸಬಹುದು. ಹತ್ತಿರದಲ್ಲೇ ಒಂದು ಪಾರ್ಕ್ ಇದ್ದರಂತೂ ಸಂಜೆಯ ಚಿಂತೆಯೇ ಇಲ್ಲ.

ಮಗು ಮಲಗಿದಾಗ ಇಬ್ಬರೂ ಕೋಣೆಯಲ್ಲೇ ಕೂರಬೇಕಾಗಿಲ್ಲ. ಇವತ್ತು ಅವರು ಹೋಗಿ ಮ್ಯೂಸಿಯಂ ನೋಡಿ ಬರಲಿ, ನೀವು ಮಗು ಪಕ್ಕ ಕಾಲು ಚಾಚಿ. ನಾಳೆ ನಿಮ್ಮ ಸರದಿ. ಮಗು ಇಲ್ಲದೆ ಎರಡು ಗಂಟೆಯಲ್ಲಿ ನೋಡುವುದು, ಮಗುವನ್ನು ಎತ್ತಿಕೊಂಡು ಅರ್ಧ ದಿನ ಓಡಾಡಿ ನೋಡುವುದಕ್ಕಿಂತ ಎಷ್ಟೋ ಜಾಸ್ತಿ. ಪಟ್ಟಿಯಲ್ಲಿ ಬಿಟ್ಟುಹೋಗುವ ಜಾಗಗಳ ಬಗ್ಗೆ ನಿಮ್ಮ ಮನೆಯವರಿಗೆ ಬೇಸರ ಇದ್ದರೆ, ಅದಕ್ಕೆ ದಾರಿ ಇದೇ.

ಇನ್ನೊಂದು ವಿಷಯ. ಎರಡು ವರ್ಷದ ಮಗುವಿನ ಎತ್ತರ ಸುಮಾರು 85 ಸೆಂಟಿಮೀಟರ್. ಅಂದರೆ ನಿಮ್ಮ ಸೊಂಟಕ್ಕಿಂತ ಕೆಳಗೆ. ಜನಸಂದಣಿಯ ನಡುವೆ ಒಮ್ಮೆ ಮಗುವಿನ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿ. ನಿಮಗೆ ಗೋಪುರ ಕಾಣುವ ಕಡೆ ಅವನಿಗೆ ಕಾಣುವುದು ಮೊಣಕಾಲು, ಕೈಚೀಲ, ಯಾರದೋ ಛತ್ರಿಯ ತುದಿ. ಅವನು ‘ಎತ್ಕೋ’ ಅಂತ ಕೈಚಾಚುವುದು ಹಟದಿಂದಲ್ಲ, ಏನೂ ಕಾಣದೆ. ಅದೇ ಮಗುವನ್ನು ಖಾಲಿ ಅಂಗಳದಲ್ಲಿ ಇಳಿಸಿ ನೋಡಿ. ಚರಂಡಿಯ ಜಾಲರಿ ಮುಂದೆ ಕೂರುತ್ತಾನೆ. ಕಲ್ಲಿನ ಚೂರು ಹುಡುಕಿ ಸಂದಿಯಲ್ಲಿ ಹಾಕುತ್ತಾನೆ, ‘ಟುಳುಕ್’ ಅಂದಾಗ ತಲೆಯೆತ್ತಿ ನಿಮ್ಮ ಮುಖ ನೋಡುತ್ತಾನೆ. ಮತ್ತೆ ಇನ್ನೊಂದು ಕಲ್ಲು. ಹಿಂದೆ ಇರುವ ಕೋಟೆ ಅವನಿಗೆ ಬೇಕಾಗಿಲ್ಲ. ಅವಸರ ಮಾಡಬೇಡಿ, ಹತ್ತು ನಿಮಿಷ ಬಿಡಿ. ನಗರದಲ್ಲಿ ಮಗುವಿಗೆ ಇಷ್ಟವಾಗುವುದು ಹೆಚ್ಚಾಗಿ ಇಂಥವೇ: ಲಿಫ್ಟಿನ ಗುಂಡಿ, ಪಾರಿವಾಳ, ಬಂದು ಹೋಗುವ ರೈಲು, ಕಾರಂಜಿ. ಮೃಗಾಲಯ ಮಾತ್ರ ನಿಮ್ಮ ಪಟ್ಟಿಯಲ್ಲಿ ಉಳಿಯಲಿ. ಆದರೆ ಪೂರ್ತಿ ಸುತ್ತಲು ಹೋಗಬೇಡಿ, ನಾಲ್ಕೈದು ಪ್ರಾಣಿ ಸಾಕು.

ಹಾಗಿದ್ದೂ ರಚ್ಚೆ ಹಿಡಿಯುತ್ತಾನೆ, ಹಿಡಿಯಲಿ. ಆಗ ಬುದ್ಧಿ ಹೇಳಿದರೆ ಕಿವಿಗೆ ಹೋಗುವುದಿಲ್ಲ. ಸದ್ದು, ಬೆಳಕು ಕಡಿಮೆ ಇರುವ ಮೂಲೆಗೆ ಕರೆದೊಯ್ಯಿರಿ, ನೀರು ಕುಡಿಸಿ, ಎದೆಗೊರಗಿಸಿಕೊಳ್ಳಿ. ಹಸಿವೋ, ಒದ್ದೆ ಡೈಪರ್ರೋ, ಸೆಕೆಯೋ ನೋಡಿ. ಸುತ್ತಲಿನವರ ನೋಟಕ್ಕೆ ನೀವು ಕುಗ್ಗಬೇಡಿ. ಅವರನ್ನು ನೀವು ಮತ್ತೆ ನೋಡುವುದೇ ಇಲ್ಲ, ಅಲ್ವಾ?

ಪ್ರಶ್ನೆ: ಮೊಮ್ಮಗಳಿಗೆ ಎರಡೂವರೆ ವರ್ಷ. ಮಗ, ಸೊಸೆ ಜೊತೆ ನಾನೂ ನನ್ನ ಹೆಂಡತಿಯೂ ಹೊರಟಿದ್ದೇವೆ. ಮಗು ಕೈ ಕೊಸರಿಕೊಂಡು ಓಡುತ್ತೆ. ಗುಂಪಿನಲ್ಲಿ ತಪ್ಪಿಸಿಕೊಂಡರೆ ಅನ್ನುವ ಭಯಕ್ಕೆ ನನಗೆ ಈಗಲೇ ನಿದ್ದೆ ಬರುತ್ತಿಲ್ಲ.

ಉತ್ತರ: ಸರ್, ನಿಮ್ಮ ಭಯ ಅತಿಯಾದದ್ದಲ್ಲ. ನಾಲ್ಕು ಜನ ದೊಡ್ಡವರಿರುವ ಕಡೆಯೇ ಹೆಚ್ಚು ಎಚ್ಚರ ಬೇಕು. ‘ಅಜ್ಜನ ಹತ್ರ ಇದಾಳೆ’ ಅಂತ ಅಮ್ಮ, ‘ಅಮ್ಮನ ಹತ್ರ ಇದಾಳೆ’ ಅಂತ ಅಜ್ಜ ಅಂದುಕೊಂಡ ಅರ್ಧ ನಿಮಿಷ ಸಾಕು. ಹಾಗಾಗಿ ಒಂದು ಹೊತ್ತಿಗೆ ಒಬ್ಬರೇ ಜವಾಬ್ದಾರಿ. ಬದಲಾಯಿಸುವಾಗ ಬಾಯಿಬಿಟ್ಟು ಹೇಳಿ: ‘ಈಗ ಮಗು ನಿಂದು.’ ಎದುರಿನವರು ‘ಹೂಂ, ನಂದು’ ಅಂದ ಮೇಲೆಯೇ ಕೈ ಬಿಡಿ. ಜವಾಬ್ದಾರಿ ಹೊತ್ತವರು ಆ ಹೊತ್ತಿನಲ್ಲಿ ಫೋನ್ ಮುಟ್ಟುವುದು ಬೇಡ, ಫೋಟೊ ತೆಗೆಯುವುದೂ ಬೇಡ.

ದಿನಾ ಬೆಳಗ್ಗೆ ಹೊರಡುವ ಮೊದಲು ಮಗುವಿನ ಒಂದು ಫೋಟೊ ತೆಗೆಯಿರಿ. ತಲೆಯಿಂದ ಚಪ್ಪಲಿವರೆಗೆ ಬರಲಿ. ಗಾಬರಿಯಲ್ಲಿ ಅಂಗಿಯ ಬಣ್ಣ ಯಾರಿಗೂ ನೆನಪಾಗುವುದಿಲ್ಲ. ದೂರಕ್ಕೆ ಎದ್ದು ಕಾಣುವ ಬಣ್ಣದ ಬಟ್ಟೆ ಹಾಕಿ. ಇಬ್ಬರ ಮೊಬೈಲ್ ನಂಬರ್ ಬರೆದ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿ, ಇಲ್ಲವೇ ಪೆನ್ನಿನಲ್ಲಿ ಅಂಗೈ ಹಿಂಭಾಗದಲ್ಲೇ ಬರೆಯಿರಿ. ಮಗುವಿನ ಹೆಸರನ್ನು ಮಾತ್ರ ಹೊರಗೆ ಕಾಣುವ ಹಾಗೆ ಬರೆಯಬೇಡಿ. ಹೆಸರು ಹಿಡಿದು ಕರೆದವರನ್ನು ಮಗು ಪರಿಚಿತರೆಂದೇ ನಂಬುತ್ತದೆ.

ಕೈ ಕೊಸರುವ ಮಕ್ಕಳಿಗೆ ಎದೆಗೆ ಕಟ್ಟುವ ಬೆಲ್ಟ್ ಮತ್ತು ಹಗ್ಗ ಬರುತ್ತವೆ. ಕೆಲವರಿಗೆ ಅದನ್ನು ನೋಡಿದರೆ ಮುಜುಗರ. ನನ್ನ ಅಭಿಪ್ರಾಯ ಸ್ಪಷ್ಟ: ರೈಲು ನಿಲ್ದಾಣ, ದೊಡ್ಡ ರಸ್ತೆ, ಸಂತೆಯ ಗುಂಪಿನಲ್ಲಿ ಅದನ್ನು ಬಳಸಿ. ಮಗುವಿಗೆ ತಾನೇ ನಡೆದ ಖುಷಿ, ನಿಮಗೆ ಧೈರ್ಯ. ಮಣಿಕಟ್ಟಿಗೆ ಕಟ್ಟುವುದಕ್ಕಿಂತ ಎದೆಯ ಬೆಲ್ಟ್ ಒಳ್ಳೆಯದು. ಈ ವಯಸ್ಸಿನ ಮಗುವಿನ ಕೈಯನ್ನು ಜೋರಾಗಿ ಜಗ್ಗಿದರೆ ಮೊಣಕೈಯ ಕೀಲು ಸರಿಯುವ ಸಾಧ್ಯತೆ ಇದೆ. ಕೈ ಹಿಡಿದು ಎಳೆಯುವಾಗಲೂ ಇದು ಗಮನದಲ್ಲಿರಲಿ.

ಕಾಣದಿದ್ದರೆ ಸುಮ್ನೆ ಹುಡುಕುತ್ತಾ ನಿಲ್ಲಬೇಡಿ, ಕೂಗಿ. ‘ಹಳದಿ ಫ್ರಾಕು, ಎರಡೂವರೆ ವರ್ಷದ ಹುಡುಗಿ’ ಅಂತ ಗಟ್ಟಿಯಾಗಿ ಹೇಳುತ್ತಾ ಹೋಗಿ. ಹತ್ತಾರು ಕಣ್ಣು ಒಟ್ಟಿಗೆ ಹುಡುಕುತ್ತವೆ. ಒಬ್ಬರು ಕೊನೆಯ ಸಲ ಮಗು ಕಂಡ ಜಾಗದಲ್ಲೇ ನಿಲ್ಲಿ, ಒಬ್ಬರು ಬಾಗಿಲಿನ ಕಡೆಗೆ, ಒಬ್ಬರು ಕಾವಲಿನವರ ಬಳಿಗೆ. ಹತ್ತಿರದಲ್ಲಿ ನೀರು, ರಸ್ತೆ, ಹಳಿ ಏನಿದ್ದರೂ ಮೊದಲು ಅಲ್ಲಿ ನೋಡಿ. ಪೊಲೀಸರಿಗೆ ಹೇಳಲು ಇಷ್ಟು ಹೊತ್ತು ಕಾಯಬೇಕು ಅಂತ ಏನೂ ಇಲ್ಲ.

ರೈಲು ಹತ್ತುವಾಗ ಮೊದಲು ಒಬ್ಬ ದೊಡ್ಡವರು, ಆಮೇಲೆ ಮಗುವನ್ನು ಎತ್ತಿಕೊಂಡವರು, ಕೊನೆಗೆ ಉಳಿದವರು. ಮಗುವನ್ನು ಬಾಗಿಲಲ್ಲಿ ತಾನೇ ದಾಟಲು ಬಿಡಬೇಡಿ. ಯಾರಾದರೂ ಹಿಂದುಳಿದರೆ ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲೇ ಕಾಯುವುದು ಅಂತ ಮನೆಯಲ್ಲೇ ಮಾತಾಡಿಕೊಂಡಿರಿ.

ಪ್ರಶ್ನೆ: ಸ್ಟ್ರಾಲರ್ ಒಯ್ಯಬೇಕಾ, ಬೇಬಿ ಕ್ಯಾರಿಯರ್ ಸಾಕಾ? ಮಗುವಿಗೆ ಒಂದೂವರೆ ವರ್ಷ, ತೂಕ 11 ಕೆ.ಜಿ.

ಉತ್ತರ: ಸಾಧ್ಯವಾದರೆ ಎರಡೂ. 11 ಕೆ.ಜಿ.ಯನ್ನು ದಿನವಿಡೀ ಹೊತ್ತರೆ ಮೂರನೇ ದಿನಕ್ಕೆ ನಿಮ್ಮ ಬೆನ್ನು ಹೇಳುತ್ತದೆ. ಒಂದೇ ಕೈಯಲ್ಲಿ ಮಡಚಲು ಬರುವ, ಹಗುರವಾದ, ಹಿಂದಕ್ಕೆ ಒರಗುವ ಸ್ಟ್ರಾಲರ್ ನೋಡಿ. ಮೆಟ್ಟಿಲು ಜಾಸ್ತಿ ಇರುವ ಹಳೆಯ ನಿಲ್ದಾಣ, ಕಿಕ್ಕಿರಿದ ಬಸ್ಸುಗಳಿಗೆ ಕ್ಯಾರಿಯರ್. ಲಿಫ್ಟ್ ಎಲ್ಲಿದೆ ಅಂತ ಹೊರಡುವ ಮೊದಲೇ ನಕ್ಷೆಯಲ್ಲಿ ನೋಡಿಕೊಳ್ಳಿ. ಎಸ್ಕಲೇಟರ್ ಮೇಲೆ ಸ್ಟ್ರಾಲರ್ ಬೇಡವೇ ಬೇಡ. ಲಿಫ್ಟ್ ಇಲ್ಲದಿದ್ದರೆ ಮಗುವನ್ನು ಎತ್ತಿಕೊಂಡು, ಸ್ಟ್ರಾಲರ್ ಮಡಚಿ ಹತ್ತಿ. ಪ್ಲಾಟ್‌ಫಾರಂನಲ್ಲಿ ನಿಂತಾಗ ಬ್ರೇಕ್ ಹಾಕಿ, ಸ್ಟ್ರಾಲರನ್ನು ಹಳಿಗೆ ಸಮಾನಾಂತರವಾಗಿ ನಿಲ್ಲಿಸಿ. ಪ್ಲಾಟ್‌ಫಾರಂ ಒಂದಿಷ್ಟು ಇಳಿಜಾರಿದ್ದರೂ ಅದು ಉರುಳುತ್ತದೆ. ರಸ್ತೆ ದಾಟುವಾಗ ನಿಮಗಿಂತ ಮೊದಲು ರಸ್ತೆಗಿಳಿಯುವುದು ಮಗು, ಅದನ್ನು ಮರೆಯಬೇಡಿ.

ಬಿಸಿಲು ಅಂತ ಸ್ಟ್ರಾಲರ್ ಮೇಲೆ ದುಪಟ್ಟಾ, ಟವೆಲ್ ಹೊದಿಸುವುದನ್ನು ತುಂಬಾ ಕಡೆ ನೋಡುತ್ತೇನೆ. ದಯವಿಟ್ಟು ಬೇಡ. ಗಾಳಿಯಾಡದೆ ಒಳಗೆ ಶಾಖ ಏರುತ್ತದೆ, ಹೊರಗಿನವರಿಗೆ ಮಗುವಿನ ಮುಖವೂ ಕಾಣುವುದಿಲ್ಲ. ಸ್ಟ್ರಾಲರಿನದೇ ಮೇಲ್ಕಟ್ಟು ಸಾಕು, ಉಳಿದದ್ದು ನೆರಳು ಹುಡುಕಿ ನಡೆಯುವ ಕೆಲಸ.

ನಾನು ಮೊದಲು ಹೇಳಿದ ಮಾರ್ಗಸೂಚಿಯಲ್ಲೇ ಇನ್ನೊಂದು ಮಾತಿದೆ: ಸ್ಟ್ರಾಲರ್ ಆಗಲಿ, ಬೆನ್ನಿಗೆ ಕಟ್ಟಿಕೊಳ್ಳುವುದಾಗಲಿ, ಒಂದೇ ಸಲಕ್ಕೆ ಒಂದು ಗಂಟೆಗಿಂತ ಹೆಚ್ಚು ಕಟ್ಟಿ ಕೂರಿಸಬಾರದು. ಈ ವಯಸ್ಸಿನ ಮಗು ದಿನದಲ್ಲಿ ಕನಿಷ್ಠ ಮೂರು ಗಂಟೆ ಓಡಾಡಬೇಕು, ಆಡಬೇಕು. ಊರು ನೋಡುವ ಭರದಲ್ಲಿ ಮೊದಲು ತಪ್ಪಿಹೋಗುವುದು ಇದೇ. ಎರಡು ಜಾಗಗಳ ನಡುವೆ ಹುಲ್ಲು ಕಂಡ ಕಡೆ ಇಳಿಸಿಬಿಡಿ.

ಟ್ಯಾಕ್ಸಿಯಲ್ಲಿ ಮಗುವಿನ ಸೀಟ್ ಇಲ್ಲದಿದ್ದರೆ ಬಸ್ಸು, ರೈಲೇ ವಾಸಿ. ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಒಂದೇ ಬೆಲ್ಟ್ ಇಬ್ಬರಿಗೂ ಹಾಕುವುದು ತುಂಬಾ ಅಪಾಯ. ಗುದ್ದಿದ ಕ್ಷಣದಲ್ಲಿ ನಿಮ್ಮ ಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ.

ಪ್ರಶ್ನೆ: ಮಗಳಿಗೆ ಡೈಪರ್ ಬಿಡಿಸಿ ಮೂರು ವಾರ ಆಗಿದೆ. ಪ್ರಯಾಣಕ್ಕೆ ಮತ್ತೆ ಹಾಕಿದರೆ ಕಲಿತದ್ದು ಮರೆಯುತ್ತಾಳಾ?

ಉತ್ತರ: ಇಲ್ಲ. ದೂರದ ಪ್ರಯಾಣಕ್ಕೆ, ನಿದ್ದೆಗೆ ಹಾಕಿ. ಉಳಿದ ಹೊತ್ತು ಒಂದೊಂದೂವರೆ ಗಂಟೆಗೊಮ್ಮೆ ನೀವೇ ಕರೆದೊಯ್ಯಿರಿ. ದೊಡ್ಡ ಕಟ್ಟಡಗಳ ಟಾಯ್ಲೆಟ್‌ನಲ್ಲಿ ತಾನಾಗೇ ಫ್ಲಶ್ ಆಗುವುದು, ಕೈ ಒಣಗಿಸುವ ಯಂತ್ರದ ಸದ್ದು ಎರಡೂ ಮಕ್ಕಳನ್ನು ಹೆದರಿಸುತ್ತವೆ. ಆ ಯಂತ್ರ ಇರುವುದು ಮಗುವಿನ ಕಿವಿಯ ಹತ್ತಿರವೇ. ಫ್ಲಶ್ಶಿನ ಸೆನ್ಸರ್ ಮೇಲೆ ಒಂದು ಕಾಗದ ಅಂಟಿಸಿದರೆ ಮಗು ಎದ್ದು ಹೊರಗೆ ಬರುವವರೆಗೆ ಸುಮ್ಮನಿರುತ್ತದೆ. ಒದ್ದೆಯಾದರೆ ಬೈಯಬೇಡಿ, ಬಟ್ಟೆ ಬದಲಿಸಿ ಮುಂದೆ ಹೋಗಿ.

ಪ್ರಶ್ನೆ: ಹೋಟೆಲ್ ಕೋಣೆಯಲ್ಲಿ ಏನೇನು ನೋಡಬೇಕು? ಔಷಧಿ ಏನು ಒಯ್ಯಬೇಕು?

ಉತ್ತರ: ಚೀಲ ಬಿಚ್ಚುವ ಮೊದಲು ಮಗು ಎತ್ತರದಲ್ಲಿ ಕೋಣೆ ಸುತ್ತಿ. ಮೊದಲು ಕಿಟಕಿ. ಅದರ ಕೆಳಗೆ ಮಂಚ, ಕುರ್ಚಿ ಇದ್ದರೆ ಸರಿಸಿ. ಸೊಳ್ಳೆ ಪರದೆಯ ಜಾಲರಿ ಮಗುವಿನ ಭಾರ ತಡೆಯುವುದಿಲ್ಲ. ಬಾಲ್ಕನಿ ಬಾಗಿಲಿಗೆ ಚಿಲಕ ಹಾಕಿಡಿ. ನೀರು ಕಾಯಿಸುವ ಕೆಟಲ್‌ನ ವೈರ್ ಮಗುವಿನ ಕೈಗೆ ಸಿಗದಂತೆ ಮೇಲಿಡಿ. ಸ್ನಾನದ ನಲ್ಲಿಯ ನೀರನ್ನು ಮೊದಲು ನೀವು ಮುಟ್ಟಿ ನೋಡಿ. 60 ಡಿಗ್ರಿ ಸೆಲ್ಸಿಯಸ್ ಇದ್ದರೆ ಮಗುವಿನ ಚರ್ಮ ಸುಡಲು ಕೆಲವೇ ಸೆಕೆಂಡು ಸಾಕು. ಅಜ್ಜ ಅಜ್ಜಿ ಜೊತೆಗಿದ್ದರೆ ಅವರ ಮಾತ್ರೆಗಳ ಡಬ್ಬಿಯೂ ಎತ್ತರಕ್ಕೆ ಹೋಗಲಿ. ಹಾಸಿಗೆ ಪಕ್ಕದ ಮೇಜಿನ ಮೇಲೆ ಅವು ಸುಲಭವಾಗಿ ಮಗುವಿನ ಕೈಗೆ ಸಿಗುತ್ತವೆ.

ಔಷಧಿ ಜಾಸ್ತಿ ಬೇಡ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಿರಪ್, ಅದರ ಅಳತೆ ಚಮಚ, ಥರ್ಮಾಮೀಟರ್, ಓಆರ್‌ಎಸ್. ಸಿರಪ್ ಎಷ್ಟು ಎಂ.ಎಲ್. ಎಂದು ನಿಮ್ಮ ಡಾಕ್ಟರನ್ನು ಕೇಳಿ, ಮಗುವಿನ ತೂಕದ ಜೊತೆ ಬಾಟಲಿ ಮೇಲೇ ಬರೆದಿಡಿ. ರಾತ್ರಿ ಎರಡು ಗಂಟೆಗೆ ಲೆಕ್ಕ ಹಾಕುತ್ತಾ ಕೂರುವ ಕಷ್ಟ ತಪ್ಪುತ್ತದೆ. ಭೇದಿ ಶುರುವಾದರೆ, ಒಂದು ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಶುದ್ಧ ನೀರಿಗೇ ಹಾಕಿ. ಅಂದಾಜಿಗೆ ಒಂದು ಲೋಟಕ್ಕೆ ಚಿಟಿಕೆ ಹಾಕಬೇಡಿ, ಉಪ್ಪು ಹೆಚ್ಚುಕಡಿಮೆ ಆಗುತ್ತದೆ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಎಂ.ಎಲ್., ಅದಕ್ಕಿಂತ ದೊಡ್ಡ ಮಗುವಿಗೆ 100ರಿಂದ 200. ಚಮಚದಲ್ಲಿ ನಿಧಾನವಾಗಿ ಕುಡಿಸಿ. ಕಲಸಿದ್ದನ್ನು 24 ಗಂಟೆ ಆದ ಮೇಲೆ ಚೆಲ್ಲಿ. ಮಗು ಮಂಕಾದರೆ, ಏನನ್ನೂ ಕುಡಿಯದಿದ್ದರೆ, ಅತ್ತರೆ ಕಣ್ಣೀರು ಬಾರದಿದ್ದರೆ, ಮೂತ್ರ ತುಂಬಾ ಕಡಿಮೆಯಾದರೆ ಕಾಯದೆ ಆಸ್ಪತ್ರೆಗೆ ಹೋಗಿ. ಮಕ್ಕಳ ವಾರ್ಡ್ ಇರುವ ಹತ್ತಿರದ ಆಸ್ಪತ್ರೆ ಯಾವುದು ಅಂತ ಹೋದ ದಿನವೇ ತಿಳಿದುಕೊಂಡಿರಿ.

ಹೊರಡುವ ಮೊದಲು ಲಸಿಕೆ ಕಾರ್ಡ್ ತೆಗೆದು ನೋಡಿ, ಮುಖ್ಯವಾಗಿ ದಡಾರದ ಲಸಿಕೆ. ದಡಾರ ಬಂದವರು ಎದ್ದುಹೋದ ಮೇಲೂ ಎರಡು ಗಂಟೆಯವರೆಗೆ ವೈರಾಣು ಆ ಕೋಣೆಯ ಗಾಳಿಯಲ್ಲಿ ಉಳಿಯಬಲ್ಲದು. ಬಾಕಿ ಇದ್ದರೆ ಕೊನೆಯ ದಿನದವರೆಗೆ ಕಾಯದೆ, ಎರಡು ವಾರ ಮೊದಲೇ ಹಾಕಿಸಿ.