ಕಡತ ಎಣಿಸಬೇಡಿ, ಗಂಟೆ ಲೆಕ್ಕ ಹಾಕಿ

ಪ್ರಶ್ನೆ: ನಾನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಸಮಾಜ ಕಾರ್ಯಕರ್ತೆ. ನನ್ನ ಕೈಯಲ್ಲಿ 64 ಕಡತಗಳಿವೆ. ಸಾಮಾಜಿಕ ತನಿಖಾ ವರದಿ (ಮಗುವಿನ ಮನೆ, ಶಾಲೆ, ನೆರೆಹೊರೆ ವಿಚಾರಿಸಿ ಬರೆಯುವುದು) ತಡವಾಗುತ್ತಿದೆ ಎಂದು, ರಕ್ಷಣೆ ಬೇಕಾದ ಮಕ್ಕಳ ಬಗ್ಗೆ ಆದೇಶ ಕೊಡುವ ಮಕ್ಕಳ ಕಲ್ಯಾಣ ಸಮಿತಿಯವರು ಪದೇ ಪದೇ ಕೇಳುತ್ತಾರೆ. ಹೇಗೆ ನಿಭಾಯಿಸಲಿ?
– ಹೆಸರು ಬೇಡ

ಉತ್ತರ: 64 ಎಂದರೆ ನಿಮ್ಮ ಮೇಲಧಿಕಾರಿಗೆ ಏನೂ ಅರ್ಥವಾಗದು. ಪ್ರಾಯೋಜಕತ್ವದ (ಮಗು ಕುಟುಂಬದಲ್ಲೇ ಬೆಳೆಯಲೆಂದು ಸರ್ಕಾರ ಕೊಡುವ ನೆರವು) 4,000 ರೂಪಾಯಿ ತಿಂಗಳು ತಿಂಗಳು ಬರುತ್ತಿದ್ದು, ಶಾಲೆಗೂ ಹೋಗುತ್ತಿರುವ ಮಗುವಿಗೆ ತಿಂಗಳಿಗೆ ಒಂದು ಗಂಟೆ ಸಾಕು. ನಿನ್ನೆಯಷ್ಟೇ ಬಾಲಮಂದಿರಕ್ಕೆ ಬಂದ ಮಗುವಿಗೆ ಮನೆ ಭೇಟಿ, ಶಾಲೆ, ನೆರೆಹೊರೆಯವರ ಮಾತು, ಬರವಣಿಗೆ ಎಲ್ಲ ಸೇರಿ 10–12 ಗಂಟೆ ಹಿಡಿಯಿರಿ, ಬಸ್ಸಿನ ಹೊತ್ತು ಬೇರೆ. ತಿಂಗಳ 176 ಗಂಟೆಯಲ್ಲಿ ಸಭೆ, ಸಮಿತಿಯ ಮುಂದೆ ಹಾಜರಿ, ರಜೆ ಕಳೆದರೆ ಕೈಗೆ ಉಳಿಯುವುದು ಸುಮಾರು 110. ಅಂದರೆ ಬೇರೆ ಕೆಲಸದ ಜೊತೆ ತಿಂಗಳಿಗೆ ಐದಾರು ಹೊಸ ತನಿಖೆ, ಹೆಚ್ಚಿಲ್ಲ. ಈ ಲೆಕ್ಕವನ್ನು ಬರವಣಿಗೆಯಲ್ಲಿ ಜಿಲ್ಲಾ ಮಕ್ಕಳ ರಕ್ಷಣಾಧಿಕಾರಿಗೆ ಕೊಡಿ, ಯಾವ ಕಡತ ಕಾಯಬಹುದು ಎಂಬ ಪಟ್ಟಿಯನ್ನೂ ಜೊತೆಗಿಡಿ. ಬಾಯಿಮಾತಿನ ದೂರಿಗೆ ಕಚೇರಿಯಲ್ಲಿ ಬೆಲೆಯಿಲ್ಲ.

2015ರ ಬಾಲನ್ಯಾಯ ಕಾಯ್ದೆಯಂತೆ ತನಿಖೆ 15 ದಿನದಲ್ಲಿ ಮುಗಿಯಬೇಕು. ಮಗುವನ್ನು ಹಾಜರುಪಡಿಸಿದ ನಾಲ್ಕು ತಿಂಗಳೊಳಗೆ ಸಮಿತಿ ಅಂತಿಮ ಆದೇಶ ಕೊಡಲು ಅನುವಾಗಲೆಂದೇ ಈ ಗಡುವು. ಆದ್ದರಿಂದ 12ನೇ ದಿನವನ್ನೇ ಕೊನೆಯೆಂದುಕೊಂಡು ಹಿಂದಕ್ಕೆ ಎಣಿಸಿ. ಮೊದಲ ಎರಡು ದಿನದಲ್ಲೇ ಫೋನಿನಲ್ಲಿ ವಿಳಾಸ ಖಚಿತಪಡಿಸಿಕೊಳ್ಳಿ: ತಡವಾಗುವುದು ಬಹುಪಾಲು ತಪ್ಪು ವಿಳಾಸದಿಂದ, ಇಲ್ಲವೇ ಬೀಗ ಹಾಕಿದ ಮನೆಯಿಂದ. ಕೂಲಿಗೆ ಹೋಗುವವರು ಹಗಲು ಸಿಗುವುದಿಲ್ಲ, ಬೆಳಗ್ಗೆ ಎಂಟರೊಳಗೆ ಹೋಗಿ. ಭೇಟಿಗಳನ್ನು ಹೋಬಳಿವಾರು ಜೋಡಿಸಿ. ಹೊಸ ಮಗುವಿನ ಊರಿಗೆ ಹೋದ ದಿನವೇ ಅದೇ ದಾರಿಯ ಹಳೆಯ ಕಡತವೂ ಮುಗಿಯಲಿ. ಆದರೆ ಮನೆಗೆ ಕಳಿಸಿದ ಮಗುವಿನ ಮೇಲೆ ಹಲ್ಲೆಯ ಅನುಮಾನವಿದ್ದರೆ ಹೋಬಳಿ ನೋಡುತ್ತ ಕೂರಬೇಡಿ, ಅಂದೇ ಹೊರಡಿ.

ಪ್ರಶ್ನೆ: ವೈಯಕ್ತಿಕ ಆರೈಕೆ ಯೋಜನೆ (ಒಂದೊಂದು ಮಗುವಿಗೂ ಏನೇನು ಮಾಡಬೇಕು ಎಂಬ ಬರಹ) ಬರೆದರೂ ಏನೂ ಜಾರಿಯಾಗುವುದಿಲ್ಲವಲ್ಲ?

ಉತ್ತರ: ‘ಆಪ್ತ ಸಮಾಲೋಚನೆ ನೀಡುವುದು’ ಎಂದು ಬರೆದರೆ ಅದು ಯಾರ ಕೆಲಸವೂ ಅಲ್ಲ. ಯಾರು, ಯಾವ ತಾರೀಖು, ಎಷ್ಟು ಸಲ ಎಂದು ಬರೆಯಿರಿ. ಪ್ರಾಯೋಜಕತ್ವ ಬೇಕೆನಿಸಿದರೆ ಆದಾಯ ಪ್ರಮಾಣಪತ್ರ (ಮಿತಿ ಹಳ್ಳಿಯಲ್ಲಿ ವರ್ಷಕ್ಕೆ 72,000, ಉಳಿದೆಡೆ 96,000 ರೂಪಾಯಿ), ಬ್ಯಾಂಕ್ ಖಾತೆಯ ಕೆಲಸವನ್ನು ಮಂಜೂರಾತಿ ಆದೇಶಕ್ಕೆ ಕಾಯದೆ ಶುರುಮಾಡಿ. ಹಣ ನಿಲ್ಲುವುದು ಸಾಮಾನ್ಯವಾಗಿ ಈ ಕಾಗದಗಳಲ್ಲೇ.